ಎಲ್ಲಿದ್ದೀಯೋ ಅಲ್ಲೇ ಇರು

ಜೂನ್ ತಿಂಗಳ ಮೊದಲ ಭಾನುವಾರ, ಬೆಳಗಿನ ತಿಂಡಿ ಆದ ಮೇಲೆ, ನಮ್ಮ ಮನೆಯಲ್ಲಿ ಒಂದು ಸಭೆ ಸೇರುತ್ತಿತ್ತು. ಸಭೆ ಎಂದರೆ ನಾನು, ನನ್ನ ಹೆಂಡತಿ, ಮಗಳು ಮತ್ತು ಅಮ್ಮ. ಅಧ್ಯಕ್ಷ ನಾನೇ, ಭಾಷಣ ಮಾಡುವವನೂ ನಾನೇ. ಮಳೆಗಾಲದಲ್ಲಿ ಹೆಚ್ಚುಕಡಿಮೆಯಾದರೆ ಯಾರು ಏನು ಮಾಡಬೇಕು ಎನ್ನುವುದು ವಿಷಯ. ಮಗಳು ಇದಕ್ಕೆ ‘ಪಪ್ಪಾ ಕಾ ಮಾನ್ಸೂನ್ ಲೆಕ್ಚರ್’ ಎಂದು ಹೆಸರಿಟ್ಟಿದ್ದಳು. ಹೆಂಡತಿ ಒಣಗಿದ ಬಟ್ಟೆಯ ರಾಶಿ ಎದುರಿಗೆ ಹಾಕಿಕೊಂಡು ಮಡಿಸುತ್ತಾ ಕೂರುತ್ತಿದ್ದಳು, ನನ್ನ ಮಾತು ಕೇಳುವುದಕ್ಕೆಂದೇ ತನಗೆ ಪುರುಸೊತ್ತಿಲ್ಲ ಎಂದು ತೋರಿಸಲು. ಅಮ್ಮ ಮಾತ್ರ ಕೈ ಒರೆಸಿಕೊಂಡು ಬಂದು, ಅಡುಗೆಮನೆ ಬಾಗಿಲ ಹತ್ತಿರ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು, ನನ್ನ ಮುಖವನ್ನೇ ನೋಡುತ್ತಾ ಕೇಳುತ್ತಿದ್ದಳು.

ಈ ವರ್ಷ ನಾನು ಸಭೆ ಕರೆಯಲಿಲ್ಲ. ಕರೆಯಲು ನನಗೆ ಮುಖವಿಲ್ಲ. ಅಮ್ಮ ಹೋಗಿ ವರ್ಷವಾಗುತ್ತಾ ಬಂತು. ಊರಿನಲ್ಲಿರುವ ಅಕ್ಕನಿಗೆ, ‘ನೀರು ಒಮ್ಮೆಲೇ ನುಗ್ಗಿತು, ಅಮ್ಮನಿಗೆ ಮೆಟ್ಟಿಲು ಹತ್ತಲು ಆಗಲಿಲ್ಲ’ ಎಂದು ಹೇಳಿದ್ದೇನೆ. ಅವಳು ನಂಬಿದ್ದಾಳೆ. ಅದು ಸುಳ್ಳು. ನೀರು ಒಮ್ಮೆಲೇ ಬರಲಿಲ್ಲ, ಮೂರು ಗಂಟೆ ತೆಗೆದುಕೊಂಡು ಬಂತು. ಅಮ್ಮ ಹತ್ತಲಾಗದೆ ಕೂತದ್ದಲ್ಲ. ನಾನು ಹೇಳಿದ್ದೆನೆಂದು ಕೂತಳು. ಇದನ್ನು ಬಾಯಿಬಿಟ್ಟು ಯಾರಿಗೂ ಹೇಳಲಾಗದೆ ಬರೆಯುತ್ತಿದ್ದೇನೆ.

ನಮ್ಮ ಮನೆ ವಿಠ್ಠಲವಾಡಿ ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿ. ಹಳೇ ಬಿಲ್ಡಿಂಗು, ಮೂರು ಮಾಳಿಗೆ, ಲಿಫ್ಟ್ ಇಲ್ಲ, ನಮ್ಮದು ನೆಲಮಟ್ಟದ ಮನೆ. ಅಮ್ಮನ ಮೊಣಕಾಲು ನೋವಿಗೆ ಇದೇ ಅನುಕೂಲ ಎಂದು ನಾನೇ ಹುಡುಕಿ ಹಿಡಿದದ್ದು. ಹಿಂದುಗಡೆ ಕೊಳಚೆ ನೀರಿನ ಒಂದು ನಾಲಾ ಇದೆ. ಜುಲೈ ತಿಂಗಳಲ್ಲಿ ಒಂದೋ ಎರಡೋ ಸಲ ಅದು ಉಕ್ಕಿ ಗಲ್ಲಿಗೆ ಬರುತ್ತದೆ, ಜೋರಾದರೆ ಮನೆಯೊಳಗೂ ಗೇಣುದ್ದ ನಿಲ್ಲುತ್ತದೆ. ನಾವು ಅದಕ್ಕೆ ಹೊಂದಿಕೊಂಡಿದ್ದೆವು. ಮೇ ಕೊನೆಗೇ ಫ್ರಿಜ್ಜಿನ ಕೆಳಗೆ ಇಟ್ಟಿಗೆ ಬೀಳುತ್ತಿತ್ತು. ಅಕ್ಕಿಯ ಡ್ರಮ್ಮು ಸ್ಟ್ಯಾಂಡಿನ ಮೇಲೆ ಹೋಗುತ್ತಿತ್ತು. ಖಾಲಿ ಸಿಲಿಂಡರ್ ತೇಲಿಕೊಂಡು ಹೋಗದಂತೆ ಕಿಟಕಿಯ ಸರಳಿಗೆ ಕಟ್ಟುತ್ತಿದ್ದೆ. ಕೆಳಗಿನ ಪ್ಲಗ್ ಪಾಯಿಂಟುಗಳನ್ನೆಲ್ಲ ಮುಚ್ಚಿಸಿ ಎದೆಮಟ್ಟದಲ್ಲಿ ಹೊಸದು ಹಾಕಿಸಿದವನು ನಮ್ಮ ಗಲ್ಲಿಯಲ್ಲಿ ನಾನೊಬ್ಬನೇ. ಆ ಜಂಬ ನನಗೆ ಸಾಕಷ್ಟಿತ್ತು.

ಅದೆಲ್ಲದರ ಮೇಲೆ ಒಂದು ಚೀಲ. ಮಗಳ ಹಳೆಯ ನೀಲಿ ಸ್ಕೂಲ್ ಬ್ಯಾಗು. ಅದರೊಳಗೆ ಟಾರ್ಚು, ಸೆಲ್ಲು, ಮೇಣದಬತ್ತಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೆಂಕಿಪೊಟ್ಟಣ, ಸೀಟಿ, ನೈಲಾನ್ ಹಗ್ಗ, ರೇಷನ್ ಕಾರ್ಡು ಆಧಾರ್ ಕಾರ್ಡುಗಳ ಝೆರಾಕ್ಸು, ಅಮ್ಮನ ಬಿಪಿ ಮಾತ್ರೆ, ಹುರಿಗಡಲೆ, ಬೆಲ್ಲ. ಅಮ್ಮ ಪ್ರತಿ ವರ್ಷ ಅದರೊಳಗೆ ತೆಂಗಿನೆಣ್ಣೆಯ ಒಂದು ಸಣ್ಣ ಬಾಟಲಿ ತುರುಕುತ್ತಿದ್ದಳು. ನಾನು ತೆಗೆಯುತ್ತಿದ್ದೆ.

“ನೆರೆ ಬಂದಾಗ ತಲೆ ಬಾಚಿಕೊಳ್ಳಲಿಕ್ಕೆ ಉಂಟಾ ಅಮ್ಮ?” ಎಂದು ರೇಗಿಸಿದರೆ, “ಎಣ್ಣಿ ಒಂದ್ ಇದ್ರೆ ಎಂತಕ್ಕೂ ಆತ್ತ್ ಮಗ” ಎನ್ನುತ್ತಿದ್ದಳು. ಅಮ್ಮ ಕುಂದಾಪುರದ ಕಡೆಯವಳು. ಅಪ್ಪ ತೀರಿದ ಮೇಲೆ ನನ್ನ ಜೊತೆ ಬಂದು ಹದಿನೇಳು ವರ್ಷ ಇಲ್ಲಿದ್ದರೂ ಅವಳ ಮಾತು ಒಂದಿಷ್ಟೂ ಕದಲಿರಲಿಲ್ಲ. ಹಿಂದಿ, ಮರಾಠಿ ಎರಡರಿಂದಲೂ ಅಷ್ಟಷ್ಟು ತೆಗೆದು ಕಲಸಿ ತರಕಾರಿಯವನ ಹತ್ತಿರ ಕೆಲಸ ನಡೆಸಿಕೊಳ್ಳುತ್ತಿದ್ದಳು.

ಸಭೆಯಲ್ಲಿ ನಾನು ಹೇಳುತ್ತಿದ್ದ ಮುಖ್ಯ ಮಾತು ಒಂದೇ. ಎಲ್ಲಿದ್ದೀಯೋ ಅಲ್ಲೇ ಇರು. ರೈಲು ನಿಂತರೆ ಕೆಳಗಿಳಿಯಬೇಡ. ರಸ್ತೆಯಲ್ಲಿ ನೀರಿದ್ದರೆ ಕಾಲಿಡಬೇಡ. ಫೋನ್ ಹತ್ತದಿದ್ದರೆ ಇನ್ನೊಬ್ಬರನ್ನು ಹುಡುಕಿಕೊಂಡು ಹೊರಡಬೇಡ. ಆಫೀಸಿನಲ್ಲಿದ್ದರೆ ಆಫೀಸಿನಲ್ಲಿ, ಕಾಲೇಜಿನಲ್ಲಿದ್ದರೆ ಕಾಲೇಜಿನಲ್ಲಿ ಕೂತಿರು. ನಾಳೆ ಬಂದರಾಯಿತು.

ಇದು ಪುಸ್ತಕ ಓದಿ ಕಲಿತದ್ದಲ್ಲ. ನಾನು ಠಾಣೆಯ ಕೋಪರಿಯಲ್ಲಿ ಒಂದು ಹೋಟೆಲಿನ ಸ್ಟೋರ್ ನೋಡಿಕೊಳ್ಳುವವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮಧ್ಯಾಹ್ನ ಮುಂಬ್ರಾ ದಾಟಿದ ಮೇಲೆ ಲೋಕಲ್ ನಿಂತಿತು. ಎರಡು ಗಂಟೆ ಕಾದು, ಎಲ್ಲರ ಜೊತೆ ನಾನೂ ಹಳಿಗಿಳಿದು ದಿವಾ ಕಡೆಗೆ ನಡೆದೆ. ಹಳಿಯ ಮೇಲೆ ನೀರು ಹರಿಯುತ್ತಿತ್ತು. ನನ್ನ ಮುಂದೆ ನಡೆಯುತ್ತಿದ್ದವನು ಸಣ್ಣ ಮೋರಿಯೊಂದರ ಮೇಲೆ ಕಾಲಿಟ್ಟವನೇ ಸೊಂಟದವರೆಗೆ ಒಳಗಿಳಿದುಬಿಟ್ಟ. ನಾಲ್ಕು ಜನ ಸೇರಿ ಎಳೆದು ತೆಗೆದೆವು. ಅವನ ಕಾಲು ಎರಡು ಕಡೆ ಮುರಿದಿತ್ತು. ಮನೆಯವರು ಯಾರೂ ಹೀಗೆ ಹಳಿಗಿಳಿಯಬಾರದು ಎಂದು ಆ ದಿನವೇ ತೀರ್ಮಾನಿಸಿದ್ದೆ.

ಈಗ ಯೋಚಿಸಿದರೆ ನನ್ನ ತಪ್ಪು ಅಲ್ಲೇ ಇತ್ತು. ದಿನಾ ಲೋಕಲ್ ಹಿಡಿಯುವ ನಮ್ಮಂಥವರ ತಲೆಯಲ್ಲಿ ಆಪತ್ತು ಎಂದರೆ ರೈಲು ನಿಲ್ಲುವುದು. ಮನೆ ಎಂದರೆ ಹೇಗಾದರೂ ತಲುಪಬೇಕಾದ ಜಾಗ. ತಲುಪಿದರೆ ಮುಗಿಯಿತು, ಬದುಕಿದೆವು. ಹೆಂಡತಿ ಡೊಂಬಿವಲಿಯ ಒಂದು ದವಾಖಾನೆಯ ಕೌಂಟರಿನಲ್ಲಿ, ಮಗಳು ಖಾರಘರದ ಕಾಲೇಜಿನಲ್ಲಿ, ನಾನು ಕೋಪರಿಯಲ್ಲಿ. ಈ ಮೂವರ ಲೆಕ್ಕ ಹಾಕಿ ಕಟ್ಟಳೆ ಮಾಡಿದೆ. ನಾಲ್ಕನೆಯವಳು ದಿನವಿಡೀ ಮನೆಯಲ್ಲೇ ಇರುವವಳು. ಆಪತ್ತು ಮನೆಯೊಳಗೇ ಬಂದರೆ ಅವಳು ಏನು ಮಾಡಬೇಕು ಎಂದು ನಾನು ಯೋಚಿಸಲೇ ಇಲ್ಲ. ಗೇಣುದ್ದ ನೀರಿಗೆ ಇಟ್ಟಿಗೆ ಇಟ್ಟಿದ್ದೇನಲ್ಲ, ಸಾಕು ಎಂದುಕೊಂಡಿದ್ದೆ.

ಅಮ್ಮನಿಗೆ ನೀರು ಗೊತ್ತಿತ್ತು. ಅವಳ ತವರುಮನೆ ಹೊಳೆಯ ಬದಿಯಲ್ಲಿತ್ತು. ಒಂದು ಸಭೆಯಲ್ಲಿ ನಾನು ಮಾತು ಮುಗಿಸುವ ಮುಂಚೆಯೇ ಅವಳು ಹುರುಪಿನಿಂದ ಹೇಳಿದಳು: “ನಮ್ಮಲ್ಲಿ ನೀರ್ ತುಳಸಿಕಟ್ಟಿ ಮುಟ್ರೆ ಯಾರನ್ನೂ ಕೇಂಬುದಿಲ್ಲ. ಮಕ್ಕಳನ್ನ ಎತ್ಕಂಬುದ್, ದನ ಬಿಡುದ್, ಸೀದಾ ಗುಡ್ಡಿ ಹತ್ತುದ್. ಅಷ್ಟೇ.”

ನನಗೆ ನನ್ನ ಭಾಷಣ ಕೆಟ್ಟಿತೆಂದು ಕಿರಿಕಿರಿಯಾಯಿತು. “ಅದು ಊರಿನ ಮಾತು ಅಮ್ಮ. ಇದು ಬೊಂಬಾಯಿ. ಇಲ್ಲಿ ಗುಡ್ಡೆ ಎಲ್ಲುಂಟು?” ಎಂದೆ. ಮಗಳು ನಕ್ಕಳು. ಅಮ್ಮನೂ ನಕ್ಕು ಸುಮ್ಮನಾದಳು. ಗುಡ್ಡೆ ಇರಲಿಲ್ಲ, ನಿಜ. ಹದಿನೆಂಟು ಮೆಟ್ಟಿಲು ಹತ್ತಿದರೆ ಮೇಲಿನವರ ಮನೆ ಇತ್ತು.

ಆಮೇಲೆ ಸ್ಟೇಷನ್ನಿನ ಪ್ರಸಂಗ. ಅದನ್ನು ಹೇಳದೆ ವಿಧಿಯಿಲ್ಲ. ಅಮ್ಮ ಹೋದ ವರ್ಷಕ್ಕೆ ಹಿಂದಿನ ವರ್ಷ, ಆಗಸ್ಟ್ ತಿಂಗಳ ಒಂದು ಸಂಜೆ ರೈಲುಗಳು ನಿಂತವು. ನಾನು ನನ್ನದೇ ನಿಯಮ ಮುರಿದು, ಒಬ್ಬ ಗೊತ್ತಿದ್ದವನ ಟೆಂಪೋ ಸಿಕ್ಕಿತೆಂದು ಕಲ್ಯಾಣದವರೆಗೆ ಬಂದು, ಅಲ್ಲಿಂದ ರಿಕ್ಷಾ ಹಿಡಿದು ಮನೆಗೆ ಬಂದೆ. ಮನೆಗೆ ಬೀಗ. ಅಮ್ಮ ಇಲ್ಲ. ಮೇಲಿನವರಿಗೆ ಗೊತ್ತಿಲ್ಲ, ಹಾಲಿನ ಅಂಗಡಿಯವನಿಗೆ ಗೊತ್ತಿಲ್ಲ. ಮುಕ್ಕಾಲು ಗಂಟೆ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಸ್ಟೇಷನ್ನಿನಲ್ಲಿ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ, ಮುಕ್ಕಾಲು ಒದ್ದೆಯಾಗಿ, ನನ್ನ ಕೊಡೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ನಾನು ಕೊಡೆ ಮರೆತು ಹೋಗಿದ್ದೆನಂತೆ. ಕೊಡಲು ಬಂದಿದ್ದಳು.

ನನ್ನನ್ನು ಕಂಡು ಅವಳ ಮುಖ ಅರಳಿತು. ನಾನು ಬಾಯಿಗೆ ಬಂದ ಹಾಗೆ ಬೈದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಹೆದರಿದಾಗಲಂತೂ ಕೇಳುವುದೇ ಬೇಡ. “ನಿನ್ನನ್ನು ಹುಡುಕುವುದೇ ನಂಗೆ ಕೆಲಸವಾ? ಎಷ್ಟು ಸಲ ಹೇಳಿದ್ದೇನೆ? ಹೇಳಿದ ಒಂದು ಮಾತು ಕೇಳ್ಲಿಕ್ಕೆ ಆಗುದಿಲ್ವಾ ನಿಂಗೆ?” ಪ್ಲಾಟ್‌ಫಾರ್ಮಿನ ತುಂಬ ಜನ ಇದ್ದರು. ಭಾಷೆ ತಿಳಿಯದಿದ್ದರೂ ಮಗ ತಾಯಿಗೆ ಬೈಯುತ್ತಿದ್ದಾನೆ ಎಂದು ತಿಳಿಯದೆ ಇರುತ್ತದೆಯೇ? ಒಬ್ಬಳು ಹೆಂಗಸು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಅಮ್ಮ ಕೊಡೆ ನನ್ನ ಕೈಗೆ ಕೊಟ್ಟು ನನ್ನ ಹಿಂದೆ ನಡೆದು ಬಂದಳು. ಆ ಮೊಣಕಾಲಿನಲ್ಲಿ ಅವಳು ಬ್ರಿಜ್ಜಿನ ಮೆಟ್ಟಿಲು ಹತ್ತಿ ಇಳಿದಿದ್ದಳು ಎಂಬುದೂ ನನಗೆ ಆಗ ಹೊಳೆಯಲಿಲ್ಲ.

ಅದಾದ ಮೇಲೆ ಅಮ್ಮ ಬದಲಾದಳು. ಗಲ್ಲಿಯ ತುದಿಗೆ ಕೊತ್ತಂಬರಿ ಸೊಪ್ಪು ತರಲು ಹೋಗುವುದಿದ್ದರೂ ನನಗೆ ಫೋನ್ ಮಾಡಿ, “ಹೋಯಿ ಬರ್ಲಾ ಮಗ?” ಎಂದು ಕೇಳುತ್ತಿದ್ದಳು. ನಾನು ಸ್ಟೋರಿನಲ್ಲಿ ಗಡಿಬಿಡಿಯಲ್ಲಿರುತ್ತಿದ್ದೆ. ‘ಇದಕ್ಕೆಲ್ಲ ಕೇಳಬೇಕಾ’ ಎಂದು ಗೊಣಗುತ್ತಿದ್ದೆ. ಒಳಗೊಳಗೆ, ‘ಈಗ ದಾರಿಗೆ ಬಂದಳು’ ಎಂದೂ ಅಂದುಕೊಂಡಿದ್ದೆ. ಹೌದು, ಹಾಗೆಯೇ ಅಂದುಕೊಂಡಿದ್ದೆ.

ಮುಂದಿನ ಜೂನಿನ ಸಭೆಯಲ್ಲಿ, ಯಾರು ಏನು ಮಾಡಬಾರದು ಎನ್ನುವುದಕ್ಕೆ ನಾನು ಅಮ್ಮನ ಸ್ಟೇಷನ್ ಯಾತ್ರೆಯನ್ನೇ ಉದಾಹರಣೆ ಕೊಟ್ಟೆ. ಎಲ್ಲರೂ ನಕ್ಕರು. ಅಮ್ಮ ನಗಲಿಲ್ಲ. ಹೆಂಡತಿ, ಮಗಳು ಇಬ್ಬರಿಂದಲೂ ನಿಯಮ ಬಾಯಲ್ಲಿ ಹೇಳಿಸಿ ಮುಗಿಸಿದ ಮೇಲೆ ಅವಳು ಕೇಳಿದಳು.

“ನಂಗೆ ಎಂತ ಮಗ?”

“ನಿಂಗೂ ಅದೇ” ಎಂದೆ. “ಎಲ್ಲಿದ್ದೀಯೋ ಅಲ್ಲೇ ಇರು.”

ಅಮ್ಮ ತಲೆಯಾಡಿಸಿದಳು. ನಾನು ಎದ್ದು ಚಹಾ ಕೇಳಿದೆ. ಸಭೆ ಮುಗಿಯಿತು.

ಜುಲೈ ಕೊನೆಯ ವಾರದ ಒಂದು ದಿನ. ಬೆಳಿಗ್ಗೆ ನಾನು ಹೊರಟಾಗ ಮಳೆ ಇತ್ತು, ಹೆದರಿಕೆಯ ಮಳೆಯೇನಲ್ಲ. ಹೆಂಡತಿ ನನ್ನ ಜೊತೆಗೇ ಹೊರಟು ಡೊಂಬಿವಲಿಯಲ್ಲಿ ಇಳಿದಳು. ಮಗಳು ಖಾರಘರದಲ್ಲಿ, ಕಾಲೇಜಿನ ಹಾಸ್ಟೆಲಿನಲ್ಲಿದ್ದಳು. ಹತ್ತು ಗಂಟೆಯ ಹೊತ್ತಿಗೆ ಮಳೆ ಬಲವಾಯಿತು. ಹನ್ನೊಂದೂವರೆಗೆ ಅಮ್ಮನ ಫೋನು. ನಾನು ಮಧ್ಯಾಹ್ನದ ಊಟದ ಅಕ್ಕಿ, ಬೇಳೆ ಅಳೆದು ಅಡುಗೆಯವರಿಗೆ ಕೊಡುತ್ತಿದ್ದೆ. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೆ.

“ಮಗ, ಗಲ್ಲಿಯಗ್ ನೀರ್ ಬಂತ್. ಬಾಗ್ಲಿಗೆ ಬಂತ್. ಮೇಲಿನ ಕಾಕೂ...”

“ಅಮ್ಮ, ನಾನು ಈಗ ಕೆಲಸದಲ್ಲಿದ್ದೇನೆ. ಪ್ರತಿ ವರ್ಷ ಬರುದಿಲ್ವಾ ನೀರು? ಮೇನ್ ಸ್ವಿಚ್ ಆಫ್ ಮಾಡು. ಎಲ್ಲಿಗೂ ಹೋಗಬೇಡ. ಎಲ್ಲಿದ್ದೀಯೋ ಅಲ್ಲೇ ಇರು.”

“ಆಯ್ತ್” ಎಂದಳು. ನಾನು ಫೋನ್ ಇಟ್ಟೆ. ಎಲ್ಲಿಗೂ ಹೋಗಬೇಡ ಎಂದಾಗ ನನ್ನ ತಲೆಯಲ್ಲಿದ್ದದ್ದು ಸ್ಟೇಷನ್ನು. ಕಾಕೂ ಏನೆಂದರು ಎಂದು ಕೇಳಲು ನನಗೆ ಅರ್ಧ ನಿಮಿಷ ಸಾಕಿತ್ತು.

ಹನ್ನೆರಡೂವರೆಗೆ ರೈಲುಗಳು ನಿಂತವು. ಒಂದು ಗಂಟೆಗೆ ಅಮ್ಮನ ಫೋನು ಹತ್ತಲಿಲ್ಲ, ಎರಡಕ್ಕೂ ಹತ್ತಲಿಲ್ಲ. ವಿಠ್ಠಲವಾಡಿಯ ಕಡೆ ಕರೆಂಟು ಹೋಗಿದೆ ಎಂದು ಯಾರೋ ಹೇಳಿದರು. ಟವರ್ ಕೆಲಸ ಮಾಡುತ್ತಿರಲಿಕ್ಕಿಲ್ಲ ಎಂದುಕೊಂಡೆ. ಅಮ್ಮ ನೀರು ಹೆಚ್ಚಾದರೆ ಮೇಲೆ ಹೋಗುತ್ತಾಳೆ, ಅಷ್ಟು ತಿಳಿಯುವುದಿಲ್ಲವೇ ಎಂದುಕೊಂಡೆ. ಹೆಂಡತಿಯ ಫೋನು ಹತ್ತಿತು. ದವಾಖಾನೆಯಲ್ಲೇ ಇದ್ದೇನೆ ಎಂದಳು. ಮಗಳು ‘ಹಾಸ್ಟೆಲ್ ಮೇ ಹೂಂ ಪಪ್ಪಾ, ರೂಲ್ ನಂಬರ್ ವನ್’ ಎಂದು ಮೆಸೇಜು ಹಾಕಿ ನಗುವ ಚಿತ್ರ ಹಾಕಿದ್ದಳು. ನನಗೆ ಹೆಮ್ಮೆಯಾಯಿತು. ಕೋಪರಿಯ ಹೋಟೆಲಿನಲ್ಲಿ ಸಿಕ್ಕಿಬಿದ್ದವರು ತುಂಬಿದ್ದರು. ಎಲ್ಲರಿಗೂ ಉಪ್ಪಿಟ್ಟು, ಚಹಾ ಮಾಡಿಸಿದೆವು. ನಡೆದು ಹೋಗುತ್ತೇವೆ ಎಂದು ಹೊರಟ ಇಬ್ಬರನ್ನು ನಾನೇ ಕೈ ಹಿಡಿದು ಕೂರಿಸಿ, ನಮ್ಮ ಮನೆಯ ನಿಯಮ ಹೇಳಿದೆ. ಅವರು ತಲೆದೂಗಿ, ‘ಬರಾಬರ್ ಹೈ’ ಎಂದರು. ಅದೇ ಹೊತ್ತಿನಲ್ಲಿ ಅಮ್ಮ ಸೊಂಟದವರೆಗೆ ನೀರಿನಲ್ಲಿದ್ದಳು. ಆ ಉಪ್ಪಿಟ್ಟನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಮರುದಿನ ಬೆಳಿಗ್ಗೆ ರೈಲು ಬಿಟ್ಟ ಮೇಲೆ ಮನೆಗೆ ಬಂದೆ. ಗೋಡೆಯ ಮೇಲೆ ಕೆಸರಿನ ಗೆರೆ ನನ್ನ ಎದೆಮಟ್ಟಕ್ಕಿತ್ತು. ಅಷ್ಟು ಎತ್ತರದಲ್ಲಿ ಹಾಕಿಸಿದ್ದ ಪ್ಲಗ್ ಪಾಯಿಂಟುಗಳೂ ಕೆಸರು. ಫ್ರಿಜ್ಜು ಅಡ್ಡಬಿದ್ದಿತ್ತು. ಅಮ್ಮ ಮೇಲೆ ಕಾಕೂ ಮನೆಯಲ್ಲಿದ್ದಳು. ಕಾಕೂ ಎಂದರೆ ನಮ್ಮ ತಲೆಯ ಮೇಲಿನ ಮನೆಯ ಮರಾಠಿ ಹೆಂಗಸು, ಅರವತ್ತರ ಹತ್ತಿರದವರು. ಬಿಲ್ಡಿಂಗಿನ ಎಲ್ಲರಿಗೂ ಅವರು ಕಾಕೂ. ಅಮ್ಮ ಅವರ ಸೀರೆ ಉಟ್ಟು, ಅವರ ಮಂಚದ ಮೇಲೆ, ನಮ್ಮ ನೀಲಿ ಚೀಲವನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದಳು. ಪಾದಕ್ಕೆ ಬಟ್ಟೆ ಕಟ್ಟಿತ್ತು. ನೀರಿನೊಳಗೆ ಏನೋ ತಾಗಿ ಸೀಳಿತ್ತಂತೆ.

ನನ್ನನ್ನು ಕಂಡವಳೇ ಅವಸರದಲ್ಲಿ ಹೇಳಿದಳು: “ನಾನಾಗಿ ಬಂದದ್ದಲ್ಲ ಮಗ. ಅವ್ರೇ ಎತ್ಕಂಡ್ ಬಂದ್ರ್.”

ಗಂಡಸರು ಎತ್ತಿಕೊಂಡು ಬಂದದ್ದಕ್ಕೆ ನಾಚಿಕೆ ಎಂದು ನಾನು ತಿಳಿದೆ. “ಬಂದಿಯಲ್ಲ, ಸಾಕು” ಎಂದು ನಕ್ಕು, ಅವಳ ತಲೆಯ ಮೇಲೆ ಕೈಯಿಟ್ಟೆ. ಅವಳು ಇನ್ನೂ ಏನೋ ಹೇಳುವವಳಿದ್ದಳು. ನನಗೆ ಕೆಳಗೆ ಕೆಸರು ತೆಗೆಯುವ ಚಿಂತೆ. ಕಾಕೂ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದಾರೆ ಎಂದುಕೊಂಡು ಕೆಳಗಿಳಿದೆ.

ಐದು ದಿನ ನಾವು ಮನೆ ತೊಳೆದೆವು. ಅಮ್ಮ ಕಾಕೂ ಮನೆಯಲ್ಲೇ ಇದ್ದಳು, ಚೆನ್ನಾಗಿಯೇ ಇದ್ದಳು. ಆರನೆಯ ದಿನ ಜ್ವರ ಬಂತು. ಮೈಕೈ ನೋವು, ಮೀನಖಂಡದಲ್ಲಿ ಮುಟ್ಟಲಾಗದ ನೋವು. ಎಂಟನೆಯ ದಿನ ಕಣ್ಣು ಹಳದಿಯಾಯಿತು. ಕಲ್ಯಾಣದ ಆಸ್ಪತ್ರೆಗೆ ಸೇರಿಸಿದೆವು. ಊರಿನಲ್ಲಿ ಇಲಿಜ್ವರ ಎನ್ನುತ್ತಾರಲ್ಲ, ಅದು. ಕೊಳಚೆ ನೀರಿನಿಂದ, ಕಾಲಿನ ಗಾಯದ ಮೂಲಕ ಬಂದಿರಬೇಕು ಎಂದು ಡಾಕ್ಟರು ಹೇಳಿದರು. ಮೂತ್ರಪಿಂಡಕ್ಕೆ ಆಗಲೇ ಪೆಟ್ಟು ಬಿದ್ದಿತ್ತು.

“ಎಷ್ಟು ಹೊತ್ತು ನೀರಿನಲ್ಲಿದ್ದರು?” ಡಾಕ್ಟರು ಕೇಳಿದರು.

“ಒಂದು ಹತ್ತು ನಿಮಿಷ ಇದ್ದಿರಬೇಕು” ಎಂದೆ. ನನ್ನ ಪಕ್ಕದಲ್ಲಿ ನಿಂತಿದ್ದ ಕಾಕೂ ತಲೆ ಎತ್ತಿ ನನ್ನನ್ನು ನೋಡಿದರು. ಡಾಕ್ಟರು ಹೋದ ಮೇಲೆ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಡೆದದ್ದನ್ನು ಹೇಳಿದರು.

ಮೂರು ಸಲ ಅವರು ಕೆಳಗೆ ಬಂದಿದ್ದರಂತೆ. ಮೊದಲ ಸಲ ನೀರು ಹೊಸ್ತಿಲ ಹೊರಗಿತ್ತು. “ಆಜಿ, ವರ್ ಚಲಾ,” ಮೇಲೆ ನಡೆಯಿರಿ ಎಂದರು. ಅಮ್ಮ, ಮಗನನ್ನು ಕೇಳುತ್ತೇನೆ ಎಂದು ನನಗೆ ಫೋನ್ ಮಾಡಿದಳು. ಅದೇ ಹನ್ನೊಂದೂವರೆಯ ಫೋನು. ಇಟ್ಟ ಮೇಲೆ ಕಾಕೂಗೆ ತನ್ನ ಹರಕು ಭಾಷೆಯಲ್ಲಿ ಹೇಳಿದಳು: “ಮುಲ್ಗಾ ಬೋಲಾ, ಇಧರೀಚ್ ಬೈಠ್.” ಮಗ ಹೇಳಿದ, ಇಲ್ಲೇ ಕೂರು ಅಂತ.

ಎರಡನೆಯ ಸಲ ಬಂದಾಗ ನೀರು ಮೊಣಕಾಲಿಗಿತ್ತು. ಅಮ್ಮ ಮಂಚದ ಮೇಲೆ ಚೀಲ ತಬ್ಬಿಕೊಂಡು ಕೂತಿದ್ದಳು. ಕಾಕೂ ಕೈ ಹಿಡಿದು ಎಳೆದರು. ಬರಲಿಲ್ಲ. ಮತ್ತೊಮ್ಮೆ ಮಗನಿಗೆ ಫೋನ್ ಮಾಡಿ ಎಂದರು. ಮಾಡಿದಳು, ಹತ್ತಲಿಲ್ಲ. ಫೋನನ್ನು ಕಾಕೂಗೆ ತೋರಿಸಿ, ಹತ್ತಿದ ಮೇಲೆ ಕೇಳಿ ಬರುತ್ತೇನೆ ಎಂದಳು.

ಮೂರನೆಯ ಸಲ ಮಂಚ ಮುಳುಗಿತ್ತು. ಕೂತವಳ ಸೊಂಟಕ್ಕೆ ನೀರು. ಒಂದು ಕೈಯಲ್ಲಿ ಕಿಟಕಿಯ ಸರಳು, ಇನ್ನೊಂದರಲ್ಲಿ ಚೀಲ. ಕಾಕೂ ಅತ್ತರು, ಕೈಮುಗಿದರು, ಬೈದರು. ಅಮ್ಮ ಅವರನ್ನೇ ಸಮಾಧಾನ ಮಾಡಿದಳಂತೆ: “ಮೈ ಗಯಾ ತೋ ವೋ ಬಹುತ್ ಗುಸ್ಸಾ ಕರ್ತಾ.” ನಾನು ಹೋದರೆ ಅವನಿಗೆ ತುಂಬಾ ಸಿಟ್ಟು ಬರುತ್ತದೆ. ಕೊನೆಗೆ ಕಾಕೂ ತಮ್ಮ ಮಗನನ್ನೂ ಎರಡನೆಯ ಮಾಳಿಗೆಯ ಇನ್ನೊಬ್ಬರನ್ನೂ ಕರೆತಂದು, ಕೇಳದೆ ಹೇಳದೆ ಎತ್ತಿಸಿಕೊಂಡು ಹೋದರು. ಆಗ ಮೂರು ಗಂಟೆ ದಾಟಿತ್ತು.

ಇಷ್ಟು ಹೇಳಿ ಕಾಕೂ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ, ಬೈಗುಳದ ದನಿಯಲ್ಲಿ ಅಲ್ಲ, ನಿಜವಾಗಿ ತಿಳಿಯಬೇಕೆಂಬಂತೆ ಕೇಳಿದರು: “ಆಜಿ ತುಲಾ ಘಾಬರತಾತ ಕಾ ರೇ?” ಅಜ್ಜಿಗೆ ನಿನ್ನ ಹೆದರಿಕೆಯೇನೋ?

ಹೌದು ಎನ್ನಬೇಕಿತ್ತು. ನನ್ನ ಅಮ್ಮ, ಹೊಳೆಯ ಬದಿಯಲ್ಲಿ ಹುಟ್ಟಿದವಳು, ನೀರು ಬಂದರೆ ಯಾರನ್ನೂ ಕೇಳದೆ ಮೇಲೆ ಹತ್ತಬೇಕೆಂದು ಬಲ್ಲವಳು, ನೀರಿಗಿಂತ ನನಗೆ ಹೆಚ್ಚು ಹೆದರಿದಳು. ಅವಳಿಗೆ ಗೊತ್ತಿದ್ದದ್ದನ್ನು ನಾನು ಬೈದು ಬೈದು ಮರೆಸಿದೆ. ವರ್ಷಗಟ್ಟಲೆ ಮನೆಯವರನ್ನು ಕಾಪಾಡುವ ತಯಾರಿ ಎಂದುಕೊಂಡು ನಾನು ಮಾಡಿದ್ದು ಇದು. ಆ ಮೆಟ್ಟಿಲ ಮೇಲೆ ನನಗೆ ಅಳು ಬರಲಿಲ್ಲ. ಕಾಕೂ ನನ್ನ ಬೆನ್ನ ಮೇಲೆ ಕೈಯಿಟ್ಟು, ಒಳಗೆ ಹೋಗು, ನೋಡುವ ಸಮಯ ಮುಗಿಯುತ್ತದೆ ಎಂದರು.

ಒಳಗೆ ಹೋಗುವಾಗ ಒಂದು ತೀರ್ಮಾನ ಮಾಡಿಕೊಂಡಿದ್ದೆ. ಅಮ್ಮನಿಗೆ ಎಲ್ಲ ಹೇಳಿಬಿಡಬೇಕು. ಅದು ರೈಲಿಗೆ ಹೇಳಿದ ಮಾತು, ನಿನಗಲ್ಲ, ನನ್ನದೇ ತಪ್ಪು, ಕ್ಷಮಿಸು ಎಂದು ಕಾಲು ಹಿಡಿದು ಹೇಳಬೇಕು. ಆಮೇಲೆ ಅವಳು ಬದುಕಿದ್ದು ನಾಲ್ಕೇ ದಿನ, ತಿಳಿವಿನಲ್ಲಿ ಮಾತಾಡಿದ್ದು ಆ ಸಂಜೆಯೇ ಕೊನೆ. ಅದು ನನಗೆ ಆಗ ಗೊತ್ತಿರಲಿಲ್ಲ.

ಹೆಂಡತಿ ಮಂಚದ ಪಕ್ಕ ನಿಂತು ಒದ್ದೆ ಬಟ್ಟೆಯಿಂದ ಅಮ್ಮನ ತುಟಿ ಒರೆಸುತ್ತಿದ್ದಳು. ಅಮ್ಮ ಕಣ್ಣು ತೆರೆದು ನನ್ನನ್ನು ಗುರುತು ಹಿಡಿದಳು. ನಾನು ಬಾಯಿ ತೆರೆಯುವ ಮುಂಚೆ ಅವಳೇ ಶುರು ಮಾಡಿದಳು.

“ಕಾಕೂ ಹೇಳ್ರಾ ಮಗ?”

“ಹೇಳಿದ್ರು.”

“ಮೂರ್ ಸಲ ಕರೂಕೆ ಬಂದಿರ್. ನಾ ಹೋಯ್ಲಿಲ್ಲ. ಇದ್ದಲ್ಲೇ ಇದ್ದೆ.” ಉಸಿರು ತೆಗೆದುಕೊಳ್ಳಲು ನಿಂತಳು. ಆ ಹಳದಿ ಕಣ್ಣುಗಳಲ್ಲಿ ಹೆಮ್ಮೆಯಿತ್ತು. ಪರೀಕ್ಷೆ ಚೆನ್ನಾಗಿ ಬರೆದು ಬಂದ ಹುಡುಗಿಯ ಹಾಗೆ ಕಂಡಳು. “ಕಡಿಗ್ ಅವ್ರೇ ಎತ್ಕಂಡ್ ಹೋದ್ರ್. ಅದ್ ನನ್ ತಪ್ಪಲ್ಲ, ಅಲ್ದಾ?”

ನಾನು ಹೇಳಬೇಕೆಂದುಕೊಂಡದ್ದನ್ನು ಹೇಳಿದ್ದರೆ, ಅವಳು ಮೂರು ಗಂಟೆ ಆ ಕೊಳಚೆಯಲ್ಲಿ ಕೂತದ್ದು ಯಾತಕ್ಕೂ ಅಲ್ಲ ಎಂದು ಅವಳಿಗೆ ತಿಳಿಯುತ್ತಿತ್ತು. ನನ್ನ ಎದೆಯ ಭಾರ ಇಳಿಯುತ್ತಿತ್ತು, ಅವಳಿಗೆ ಏನು ಉಳಿಯುತ್ತಿತ್ತು?

“ನಿನ್ನ ತಪ್ಪಲ್ಲ ಅಮ್ಮ” ಎಂದೆ. “ನೀ ಮಾಡಿದ್ದು ಸರಿಯೇ.”

ಅಮ್ಮನ ಮುಖ ಸಡಿಲಾಯಿತು. ದಿಂಬಿನ ಮೇಲೆ ತಲೆಯನ್ನು ನಿಧಾನ ಹೊರಳಿಸಿ, ಹೆಂಡತಿಯ ಕಡೆ ತಿರುಗಿ ಹೇಳಿದಳು.

“ಕಾಣ್ ಹೆಣ್ಣೆ, ಈ ಸಲ ಬೈಲಿಲ್ಲ.”